ಹನ್ನೆರಡು ಜನ, ಒಂದು ಟಿವಿ: ಮನೆಯಲ್ಲಿ ಫೈನಲ್ ನೋಡಲು ತಯಾರಿ ಹೇಗೆ?

ಪ್ರಶ್ನೆ: ಟಿ20 ಫೈನಲ್ ದಿನ ಸಂಜೆ ಸ್ನೇಹಿತರು, ನೆಂಟರು ಸೇರಿ ಹನ್ನೆರಡು ಜನ ನಮ್ಮ ಮನೆಗೆ ಬರುತ್ತಾರೆ. ಹಾಲ್ ಹೆಚ್ಚುಕಡಿಮೆ 12 ಅಡಿಗೆ 15 ಅಡಿ. 43 ಇಂಚಿನ ಟಿವಿ ಇದೆ, ಮೂರು ಜನ ಕೂರುವ ಸೋಫಾ ಇದೆ. ಪಂದ್ಯ ನೋಡುವುದು ಆ್ಯಪ್‌ನಲ್ಲಿ. ಹಿಂದಿನ ಸಲ ಹೀಗೇ ಸೇರಿದ್ದಾಗ ಚಿತ್ರ ಪದೇ ಪದೇ ನಿಂತಿತು. ವಿಕೆಟ್ ಬಿದ್ದದ್ದು ಪಕ್ಕದ ಮನೆಯವರ ಕೂಗಿನಿಂದ ಮೊದಲೇ ಗೊತ್ತಾಗುತ್ತಿತ್ತು. ಹಿಂದೆ ಕೂತವರಿಗೆ ಸ್ಕೋರ್ ಕಾಣಲಿಲ್ಲ. ನನಗಂತೂ ಅಡುಗೆಮನೆ ಬಿಟ್ಟು ಬರಲು ಆಗಲೇ ಇಲ್ಲ. ಈ ಸಲ ಪ್ರೊಜೆಕ್ಟರ್ ಬಾಡಿಗೆಗೆ ತಂದರೆ ಹೇಗೆ?

ಉತ್ತರ: ಪ್ರೊಜೆಕ್ಟರ್ ವಿಷಯ ಕೊನೆಗೆ ನೋಡೋಣ. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಒಂದಕ್ಕೂ ಪರದೆ ಚಿಕ್ಕದಾದದ್ದು ಕಾರಣವಲ್ಲ. ಪಂದ್ಯ ನಡೆಯುವಾಗ ಮಾಡಬೇಕಾದ ಕೆಲಸ ಜಾಸ್ತಿಯಾಗಿದೆ, ಅಷ್ಟೇ. ಅಂತರರಾಷ್ಟ್ರೀಯ ಏಕದಿನ, ಟಿ20 ಪಂದ್ಯಗಳಲ್ಲಿ ಒಂದು ಓವರ್ ಮುಗಿದ 60 ಸೆಕೆಂಡಿನೊಳಗೆ ಫೀಲ್ಡಿಂಗ್ ತಂಡ ಮುಂದಿನ ಓವರಿಗೆ ಸಿದ್ಧವಾಗಿರಬೇಕು. 2024ರ ಟಿ20 ವಿಶ್ವಕಪ್‌ನಿಂದ ಈ ಸ್ಟಾಪ್ ಕ್ಲಾಕ್ ನಿಯಮ ಕಾಯಂ ಆಗಿದೆ. ಆತಿಥ್ಯಕ್ಕೂ ಅದೇ ಅಳತೆ ಇಟ್ಟುಕೊಳ್ಳಿ. ಮೊದಲ ಚೆಂಡು ಬಿದ್ದ ಮೇಲೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುವ ಯಾವ ಕೆಲಸವೂ ನಿಮ್ಮ ಪಾಲಿಗೆ ಉಳಿದಿರಬಾರದು. ಉಳಿದರೆ ಅದು ಇನಿಂಗ್ಸ್ ನಡುವಿನ ವಿರಾಮಕ್ಕೆ ಹೋಗಬೇಕು, ಅಥವಾ ಪಟ್ಟಿಯಿಂದಲೇ ಹೋಗಬೇಕು.

ಮೊದಲು ಚಿತ್ರ ನಿಲ್ಲುವ ಸಮಸ್ಯೆ. ಪೂರ್ಣ ಎಚ್‌ಡಿ ಪ್ರಸಾರಕ್ಕೆ ಸಾಮಾನ್ಯವಾಗಿ 5ರಿಂದ 8 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್, ಇಂಟರ್ನೆಟ್ ವೇಗದ ಅಳತೆ) ಸಾಕು, ಅದಕ್ಕಿಂತ ಸ್ಪಷ್ಟವಾದ 4ಕೆಗೆ 25 ಇಟ್ಟುಕೊಳ್ಳಿ. ಇಂದಿನ ಹೆಚ್ಚಿನ ಮನೆ ಸಂಪರ್ಕಗಳಲ್ಲಿ ಇಷ್ಟು ವೇಗ ಇರುತ್ತದೆ, ಆದರೂ ಚಿತ್ರ ನಿಲ್ಲುತ್ತದೆ. ಕಾರಣ, ಬಂದವರೆಲ್ಲ ನಿಮ್ಮ ವೈ-ಫೈ ಪಾಸ್‌ವರ್ಡ್ ಕೇಳುತ್ತಾರೆ. ಹನ್ನೆರಡು ಫೋನ್ ಸೇರಿಕೊಂಡ ಕೂಡಲೇ ಅವುಗಳಲ್ಲಿ ನಾಲ್ಕೈದು, ವೈ-ಫೈ ಸಿಕ್ಕಿತೆಂದು, ದಿನವಿಡೀ ತೆಗೆದ ಫೋಟೊ, ವಿಡಿಯೊಗಳನ್ನು ಕ್ಲೌಡ್‌ಗೆ ಕಳಿಸಲು ಶುರು ಮಾಡುತ್ತವೆ. ಅಪ್‌ಲೋಡ್ ದಾರಿ ತುಂಬಿಹೋಗುತ್ತದೆ. ನಿಮ್ಮ ಟಿವಿ ‘ಈ ತುಣುಕು ಬಂತು, ಮುಂದಿನದು ಕಳಿಸು’ ಎಂದು ಸರ್ವರ್‌ಗೆ ಹೇಳಬೇಕಾದ ಸಣ್ಣ ಸಂದೇಶವೂ ಆ ಸಾಲಿನಲ್ಲೇ ಕಾಯುತ್ತದೆ. ಹಾಗಾಗಿ ಡೌನ್‌ಲೋಡ್ ವೇಗ ಖಾಲಿ ಬಿದ್ದಿದ್ದರೂ ಪರದೆಯ ಮೇಲೆ ಚಕ್ರ ತಿರುಗುತ್ತದೆ.

ಇದಕ್ಕೆ ಎರಡು ಮದ್ದು. ರೌಟರ್‌ನಿಂದ ಟಿವಿಗೆ ಲ್ಯಾನ್ ಕೇಬಲ್ ಎಳೆಯಿರಿ. ಬಹಳಷ್ಟು ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್ ಮಾತ್ರ ಕೊಡುತ್ತದೆ, ಅದು ಧಾರಾಳ. ಕೇಬಲನ್ನು ಗೋಡೆಯಂಚಿಗೆ ಟೇಪಿನಿಂದ ಅಂಟಿಸಿಬಿಡಿ, ಓಡಾಡುವ ದಾರಿಗೆ ಅಡ್ಡ ಬೇಡ. ಎರಡನೆಯದು, ಬಂದವರಿಗೆ ರೌಟರ್‌ನ ಗೆಸ್ಟ್ ನೆಟ್‌ವರ್ಕ್ ಕೊಡಿ, ಸೆಟ್ಟಿಂಗ್‌ನಲ್ಲಿ ಅವಕಾಶ ಇದ್ದರೆ ಅದರ ವೇಗಕ್ಕೆ ಮಿತಿ ಹಾಕಿ. ಗೆಸ್ಟ್ ಹೆಸರು ಬೇರೆಯಾದರೂ ಹೊರಗೆ ಹೋಗುವ ದಾರಿ ಒಂದೇ, ಹಾಗಾಗಿ ಮಿತಿ ಹಾಕದಿದ್ದರೆ ಅಪ್‌ಲೋಡ್ ಸಮಸ್ಯೆ ಹಾಗೇ ಉಳಿಯುತ್ತದೆ. ಮಿತಿ ಹಾಕಲು ಬರದಿದ್ದರೆ ಪಾಸ್‌ವರ್ಡ್ ಕೊಡದೆ ಇರುವುದೇ ಒಳ್ಳೆಯದು, ಮೂರೂವರೆ ಗಂಟೆಗೆ ಅವರವರ ಮೊಬೈಲ್ ಡೇಟಾ ಸಾಕಾಗುತ್ತದೆ. ಕೇಬಲ್ ಎಳೆಯಲು ಆಗದಿದ್ದರೆ ಟಿವಿಯನ್ನು ವೈ-ಫೈಯ 5 ಗಿಗಾಹರ್ಟ್ಸ್ ಬ್ಯಾಂಡಿಗೆ ಹಾಕಿ. ಆ ಬ್ಯಾಂಡು ಗೋಡೆ ದಾಟುವುದರಲ್ಲಿ ಹಿಂದೆ, ಆದ್ದರಿಂದ ರೌಟರ್ ಅದೇ ಕೋಣೆಯಲ್ಲಿದ್ದರೆ ಮಾತ್ರ ನೆಚ್ಚಿಕೊಳ್ಳಬಹುದು. ವೇಗದ ಪರೀಕ್ಷೆಯನ್ನು ಟಿವಿಯಲ್ಲೇ ಮಾಡಿ. ರೌಟರ್ ಪಕ್ಕ ನಿಂತು ಫೋನಿನಲ್ಲಿ ಅಳೆದ ಸಂಖ್ಯೆ ಟಿವಿಗೆ ಅನ್ವಯಿಸುವುದಿಲ್ಲ.

ಆ್ಯಪ್‌ನಲ್ಲಿ ಗುಣಮಟ್ಟವನ್ನು ‘ಆಟೋ’ದಲ್ಲಿ ಬಿಡದೆ 1080ಪಿ, ಅಂದರೆ ಪೂರ್ಣ ಎಚ್‌ಡಿ, ಎಂದು ಕಟ್ಟಿಹಾಕಿ. ಆಟೋದಲ್ಲಿದ್ದರೆ ಪ್ಲೇಯರ್ ಮೇಲೆ ಕೆಳಗೆ ಜಿಗಿಯುತ್ತಿರುತ್ತದೆ. ಅಪ್‌ಡೇಟ್ ಮತ್ತು ಲಾಗಿನ್ ಹಿಂದಿನ ದಿನವೇ ಆಗಲಿ. ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಫೋನಿಗೆ ಒಟಿಪಿ ಬರುತ್ತದೆ, ಟಾಸ್ ವೇಳೆಗೆ ಅವರು ದಾರಿಯಲ್ಲಿದ್ದರೆ ಕೆಲಸ ಕೆಟ್ಟಿತು. ಒಂದೇ ಖಾತೆಯಲ್ಲಿ ಎಷ್ಟು ಪರದೆ ಓಡಬಹುದೆಂಬ ಮಿತಿಯನ್ನೂ ನೋಡಿಕೊಳ್ಳಿ. ಸಂಪರ್ಕವೇ ಹೋದರೆ ಫೋನಿನ ಹಾಟ್‌ಸ್ಪಾಟ್ ಇದೆ. 7 ಎಂಬಿಪಿಎಸ್‌ನ ಪ್ರಸಾರ ಗಂಟೆಗೆ ಸುಮಾರು 3 ಜಿಬಿ ನುಂಗುತ್ತದೆ, ಇಡೀ ಪಂದ್ಯಕ್ಕೆ 11 ಜಿಬಿ ಆಸುಪಾಸು. ಆ ಹಾಟ್‌ಸ್ಪಾಟನ್ನು ಟಿವಿಗೆ ಹಿಂದಿನ ದಿನವೇ ಒಮ್ಮೆ ಜೋಡಿಸಿಟ್ಟರೆ ಅಂದು ರಿಮೋಟಿನಲ್ಲಿ ಪಾಸ್‌ವರ್ಡ್ ಒತ್ತುವ ಪಾಡು ತಪ್ಪುತ್ತದೆ. ಫೋನಿನ ಪರದೆಯನ್ನೇ ಟಿವಿಗೆ ಮಿರರ್ ಮಾಡುವ ಯೋಚನೆ ಬೇಡ. ಕರೆ ಬಂದರೆ ಆಟ ನಿಲ್ಲುತ್ತದೆ, ನಿಮ್ಮ ಖಾಸಗಿ ಮೆಸೇಜು ಎಲ್ಲರ ಮುಂದೆ ತೇಲುತ್ತದೆ, ಕೆಲವು ಆ್ಯಪ್‌ಗಳು ನಕಲು ತಡೆಯುವ ರಕ್ಷಣೆಯಿಂದಾಗಿ ಬರೀ ಕಪ್ಪು ಪರದೆ ತೋರಿಸುತ್ತವೆ.

ಪಕ್ಕದ ಮನೆಯ ಕೂಗಿಗೆ ಬರೋಣ. ಇಂಟರ್ನೆಟ್ ಪ್ರಸಾರ ಬರುವುದು ಎರಡರಿಂದ ಆರು ಸೆಕೆಂಡಿನ ತುಣುಕುಗಳಾಗಿ. ಪ್ಲೇಯರ್ ಕೆಲವು ತುಣುಕುಗಳನ್ನು ಕೂಡಿಟ್ಟುಕೊಂಡ ಮೇಲೆಯೇ ಓಡಿಸುತ್ತದೆ. ಇದೆಲ್ಲ ಸೇರಿ ಮೈದಾನಕ್ಕಿಂತ 20ರಿಂದ 40 ಸೆಕೆಂಡ್ ಹಿಂದೆ ಬೀಳುವುದು ಮಾಮೂಲು. ಡಿಶ್ ಅಥವಾ ಕೇಬಲ್ ಸಂಪರ್ಕದವರು ಅದಕ್ಕಿಂತ ಎಷ್ಟೋ ಮುಂದೆ ಇರುತ್ತಾರೆ, ಸಾಮಾನ್ಯವಾಗಿ ಹತ್ತು ಸೆಕೆಂಡಿನ ಒಳಗೆ. ನಿಮಗಿನ್ನೂ ಬೌಲರ್ ಓಡಿಬರುತ್ತಿರುವಾಗ ಅವರಲ್ಲಿ ವಿಕೆಟ್ ಬಿದ್ದಾಗಿರುತ್ತದೆ. ಅದೇ ಪಂದ್ಯ ಡಿಶ್‌ನಲ್ಲೂ ಬರುವುದಾದರೆ, ನಿಮ್ಮಲ್ಲಿ ಆ ಸಂಪರ್ಕ ಇದ್ದರೆ, ಅದನ್ನೇ ಹಾಕಿ. ಚಿತ್ರದ ಗುಣಮಟ್ಟ ಚೂರು ಕಡಿಮೆಯಾದರೂ ಪರವಾಗಿಲ್ಲ. ಹನ್ನೆರಡು ಜನ ಸೇರಿದ ಕೋಣೆಯಲ್ಲಿ ಸಸ್ಪೆನ್ಸ್ ಮುಖ್ಯ, ಹುಲ್ಲಿನ ಎಳೆ ಎಳೆ ಕಾಣುವುದು ಮುಖ್ಯವಲ್ಲ.

ಆ್ಯಪ್ ಒಂದೇ ದಾರಿಯಾದರೆ ವಿಳಂಬವನ್ನು ಅಳಿಸಲಾಗದು, ಬೆಳೆಯದಂತೆ ನೋಡಿಕೊಳ್ಳಬಹುದು. ಪ್ರತಿ ಸಲ ಬಫರ್ ಆಗಿ ಚಿತ್ರ ನಿಂತಾಗ, ಯಾರೋ ಪಾಜ್ ಗುಂಡಿ ಒತ್ತಿದಾಗ, ಆ ಕಳೆದ ಸಮಯ ವಿಳಂಬಕ್ಕೆ ಸೇರುತ್ತ ಹೋಗುತ್ತದೆ. ಹತ್ತನೇ ಓವರಿನ ಹೊತ್ತಿಗೆ ಒಂದೂವರೆ ನಿಮಿಷ ಹಿಂದಿದ್ದೀರೆಂದು ನಿಮಗೇ ಗೊತ್ತಿರುವುದಿಲ್ಲ. ಓವರ್ ನಡುವೆ ‘ಲೈವ್’ ಗುಂಡಿ ಒತ್ತಿ ಮುಂದಕ್ಕೆ ಬನ್ನಿ. ಆಮೇಲೆ, ಬಂದವರ ಫೋನುಗಳಲ್ಲಿ ಸ್ಕೋರ್ ಆ್ಯಪ್‌ಗಳ ನೋಟಿಫಿಕೇಶನ್ ಆಫ್ ಮಾಡಿಸಿ. ಅವು ಪ್ರಸಾರಕ್ಕಿಂತ ಮೊದಲೇ ಬರುತ್ತವೆ. ಫ್ಯಾಮಿಲಿ ಗ್ರೂಪಿನ ‘ಔಟ್!’ ಮೆಸೇಜೂ ಅಷ್ಟೆ. ಬಾಗಿಲಲ್ಲೇ ಇದನ್ನು ನಗುತ್ತಾ ಹೇಳಿಬಿಡಬೇಕು, ವಿಕೆಟ್ ಬಿದ್ದ ಮೇಲೆ ಹೇಳಿದರೆ ಜಗಳವಾಗುತ್ತದೆ. ಪಕ್ಕದ ಮನೆ ಕಡೆಯ ಕಿಟಕಿ ಮುಚ್ಚಿದರೆ ಎರಡು ಲಾಭ, ಅವರ ಕೂಗು ನಿಮಗಿಲ್ಲ, ನಿಮ್ಮದು ಅವರಿಗಿಲ್ಲ. ಇನ್ನೊಂದು ಕೋಣೆಯಲ್ಲಿ ಎರಡನೇ ಟಿವಿ ಹಾಕುವ ಆಲೋಚನೆ ಇದ್ದರೆ, ಒಂದೇ ಆ್ಯಪ್ ಆದರೂ ಎರಡೂ ಒಂದೇ ಕ್ಷಣದಲ್ಲಿ ಓಡುವುದಿಲ್ಲವೆಂಬುದು ತಿಳಿದಿರಲಿ. ಮುಂದಿರುವುದನ್ನು ಕೆಲವು ಸೆಕೆಂಡ್ ಪಾಜ್ ಮಾಡಿ ಹಿಂದಿರುವುದಕ್ಕೆ ಹೊಂದಿಸಬಹುದು. ಒಂದೇ ಮೂಲದಿಂದ ಎಚ್‌ಡಿಎಂಐ ಸ್ಪ್ಲಿಟರ್‌ನಲ್ಲಿ ಎರಡೂ ಟಿವಿಗೆ ಕೊಡುವುದು ಇನ್ನೂ ಖಚಿತ.

ಹಿಂದೆ ಕೂತವರಿಗೆ ಸ್ಕೋರ್ ಕಾಣದ್ದು ಶುದ್ಧ ಎತ್ತರದ ಲೆಕ್ಕ. 43 ಇಂಚಿನ ಪರದೆಯ ಎತ್ತರ ಸುಮಾರು 54 ಸೆಂ.ಮೀ. ಟಿವಿ 50 ಸೆಂ.ಮೀ ಸ್ಟ್ಯಾಂಡಿನ ಮೇಲಿದ್ದು, ಅದರ ಕಾಲು ಆರೇಳು ಸೆಂ.ಮೀ ಇದ್ದರೆ ಚಿತ್ರದ ಕೆಳ ಅಂಚು ನೆಲದಿಂದ 57 ಸೆಂ.ಮೀನಲ್ಲಿ ಬರುತ್ತದೆ. ಕ್ರಿಕೆಟ್ ಪ್ರಸಾರದಲ್ಲಿ ಸ್ಕೋರ್ ಪಟ್ಟಿ ಇರುವುದು ಆ ಕೆಳ ಅಂಚಿನ ಐದಾರು ಸೆಂ.ಮೀನಲ್ಲೇ. (ಫುಟ್‌ಬಾಲ್‌ನಲ್ಲಿ ಸ್ಕೋರ್ ಮೇಲಿನ ಮೂಲೆಯಲ್ಲಿರುವುದರಿಂದ ಈ ತಾಪತ್ರಯವಿಲ್ಲ.) ನೆಲದಲ್ಲಿ ಕೂತ ದೊಡ್ಡವರ ತಲೆ 88 ಸೆಂ.ಮೀ ಸುಮಾರಿಗೆ ಬರುತ್ತದೆ, ಸೋಫಾದಲ್ಲಿ ಕೂತವರ ಕಣ್ಣು 105ರಲ್ಲಿ. ನೆಲದ ಸಾಲು ಪರದೆಯಿಂದ 1.6 ಮೀಟರ್, ಸೋಫಾ 2.6 ಮೀಟರ್ ದೂರದಲ್ಲಿದ್ದರೆ, ಮುಂದಿನ ತಲೆಯ ಮೇಲಿಂದ ಹಾಯುವ ದೃಷ್ಟಿ ಪರದೆಗೆ ತಾಗುವುದು ಸುಮಾರು 61 ಸೆಂ.ಮೀನಲ್ಲಿ. ಅದಕ್ಕಿಂತ ಕೆಳಗಿನದೆಲ್ಲ ಮರೆ. ಸ್ಕೋರ್ ಪಟ್ಟಿ ಸರಿಯಾಗಿ ಅಲ್ಲೇ ಕೂತಿದೆ!

ಟಿವಿಯನ್ನು 10-12 ಸೆಂ.ಮೀ ಎತ್ತರಿಸಿದರೆ ಸೋಫಾದವರ ಸಮಸ್ಯೆ ಮುಗಿಯಿತು. ಸ್ಟ್ಯಾಂಡಿನಷ್ಟೇ ಅಗಲದ ಗಟ್ಟಿ ಹಲಗೆ ಅಥವಾ ತಗ್ಗು ಬೆಂಚು ಬಳಸಿ, ಟಿವಿಯ ಎರಡೂ ಕಾಲು ಅದರ ಮೇಲೆ ಪೂರ್ತಿ ಕೂರಬೇಕು. ಪುಸ್ತಕ ಪೇರಿಸಬೇಡಿ, ಜಾರುತ್ತವೆ. ಮಕ್ಕಳು ಬರುವುದಿದ್ದರೆ ಟಿವಿಯ ಹಿಂಭಾಗವನ್ನು ಪಟ್ಟಿಯಿಂದ ಗೋಡೆಗೆ ಬಿಗಿಯಿರಿ. ನೆಲದಲ್ಲಿ ಕೂರುವವರಿಗೆ ತೆಳ್ಳನೆಯ ಹಾಸಿಗೆ ಸಾಕು. ದಿಂಬು ಮೇಲೆ ದಿಂಬು ಹಾಕಿ ಕೂತರೆ ಲೆಕ್ಕವೆಲ್ಲ ತಲೆಕೆಳಗು.

ಮೂರನೇ ಸಾಲಿನಲ್ಲಿ ಎಲ್ಲರೂ ಎಡವುತ್ತಾರೆ. ಸೋಫಾದ ಹಿಂದೆ ಮಾಮೂಲಿ ಕುರ್ಚಿ ಹಾಕಿದರೆ, ಅಲ್ಲಿ ಕೂತವರ ಕಣ್ಣು 120 ಸೆಂ.ಮೀನಲ್ಲಿ, ಸೋಫಾದವರ ನೆತ್ತಿ 117ರಲ್ಲಿ. ನೇರ ಹಿಂದೆ ಕೂತವರಿಗೆ ಹೆಚ್ಚುಕಡಿಮೆ ಇಡೀ ಪರದೆ ಮಾಯ. 65 ಸೆಂ.ಮೀಗಿಂತ ಎತ್ತರದ ಸ್ಟೂಲ್ ಹಾಕಿದರೆ ಕಣ್ಣು 140 ದಾಟುತ್ತದೆ, ಪೂರ್ತಿ ಚಿತ್ರ ಕಾಣುತ್ತದೆ. ಸ್ಟೂಲ್ ಇಲ್ಲದಿದ್ದರೆ ಕುರ್ಚಿಗಳನ್ನು ಸೋಫಾದ ಎರಡು ತಲೆಗಳ ನಡುವಿನ ಸಂದಿಗೆ ಸರಿಯಾಗಿ ಹಾಕಿ. ಸೋಫಾ ಹಿಂದಿನ ಗೋಡೆಗೆ ಒರಗಿದ್ದರೆ ಮೊದಲು ಅದನ್ನು ಮುಂದಕ್ಕೆ ಎಳೆಯಿರಿ. ನಿಮ್ಮ 15 ಅಡಿಯಲ್ಲಿ ನೆಲ 1.6, ಸೋಫಾ 2.6, ಸ್ಟೂಲ್ 3.5 ಮೀಟರ್ ಎಂದು ಮೂರು ಸಾಲು ಕೂರುತ್ತವೆ, ಹಿಂದೆ ಓಡಾಡಲು ಒಂದೂವರೆ ಅಡಿಯೂ ಉಳಿಯುತ್ತದೆ. ನೆಲಕ್ಕೆ ಐದು, ಸೋಫಾಕ್ಕೆ ಮೂರು, ಹಿಂದೆ ಐದು, ನಿಮ್ಮನ್ನೂ ಸೇರಿಸಿ ಹದಿಮೂರು. ಮೂರೂವರೆ ಮೀಟರಿನಿಂದ 43 ಇಂಚಿನಲ್ಲಿ ಸ್ಕೋರಿನ ದೊಡ್ಡ ಅಂಕಿ ಓದಬಹುದು, ಬೌಲರ್‌ನ ಲೆಕ್ಕದಂಥ ಸಣ್ಣ ಅಕ್ಷರ ಕಷ್ಟ. ಪ್ರತಿ ಚೆಂಡನ್ನೂ ಗಮನಿಸುವವರನ್ನು ಮುಂದೆ ಕೂರಿಸಿ, ಮಾತಿಗೆ ಬಂದವರನ್ನು ಹಿಂದೆ. ಯಾರು ಯಾವ ಬಗೆಯೆಂದು ನಿಮಗೆ ಗೊತ್ತೇ ಇರುತ್ತದೆ.

ಚಿತ್ರದ ಸೆಟ್ಟಿಂಗ್‌ಗಳಲ್ಲಿ ಎರಡನ್ನು ನೋಡಿದರೆ ಸಾಕು. ವಿದ್ಯುತ್ ಉಳಿತಾಯದ ಮೋಡ್ ಆಫ್ ಮಾಡಿ, ಸಂಜೆ ಬೆಳಕು ಕಡಿಮೆಯಾದಂತೆ ಅದು ಪರದೆಯನ್ನು ಮಂಕು ಮಾಡುತ್ತದೆ. ಸ್ಕೋರ್ ಪಟ್ಟಿಯ ಅಂಚು ಕತ್ತರಿಸಿಹೋಗಿದ್ದರೆ ಓವರ್‌ಸ್ಕ್ಯಾನ್ ಆಗುತ್ತಿದೆ ಎಂದರ್ಥ, ಚಿತ್ರದ ಗಾತ್ರವನ್ನು ‘ಸ್ಕ್ರೀನ್ ಫಿಟ್’ಗೆ ಬದಲಿಸಿ. ಕೆಲವು ಟಿವಿಯಲ್ಲಿ ಇದನ್ನು ‘ಜಸ್ಟ್ ಸ್ಕ್ಯಾನ್’ ಎಂದಿರುತ್ತದೆ. ಟಿವಿಗೆ ಎದುರಾಗಿರುವ ಕಿಟಕಿಗೆ ಪರದೆ ಎಳೆಯಿರಿ. ದೀಪ ಪೂರ್ತಿ ಆರಿಸುವ ಅಗತ್ಯವಿಲ್ಲ, ಟಿವಿಯ ಹಿಂದೆ ಒಂದು ಸಣ್ಣ ದೀಪ ಇದ್ದರೆ ತಿನ್ನುವ ತಟ್ಟೆಯೂ ಕಾಣುತ್ತದೆ, ಕಣ್ಣಿಗೂ ಹಿತ.

ಧ್ವನಿಗೆ ಬ್ಲೂಟೂತ್ ಸ್ಪೀಕರ್ ಜೋಡಿಸುವವರು ಬಹಳ. ಅದರಲ್ಲಿ ಸದ್ದು ಸೆಕೆಂಡಿನ ಹತ್ತನೇ ಒಂದೆರಡು ಭಾಗ, ಕೆಲವೊಮ್ಮೆ ಇನ್ನೂ ಹೆಚ್ಚು, ತಡವಾಗಿ ಬರುತ್ತದೆ. ಬ್ಯಾಟಿಗೆ ಚೆಂಡು ಬಡಿದು ದೂರ ಹೋದ ಮೇಲೆ ‘ಟಕ್’ ಎನ್ನುವುದು ಸ್ವಲ್ಪ ಹೊತ್ತಿನಲ್ಲೇ ತಲೆ ತಿನ್ನುತ್ತದೆ. ಟಿವಿಯ ಸಿಂಕ್ ಸೆಟ್ಟಿಂಗ್ ಸಾಮಾನ್ಯವಾಗಿ ಧ್ವನಿಯನ್ನು ಇನ್ನಷ್ಟು ತಡಮಾಡಬಲ್ಲದು, ತಡವಾದದ್ದನ್ನು ಮುಂದೆ ತರಲಾರದು. ಸೌಂಡ್‌ಬಾರ್ ಇದ್ದರೆ ಎಚ್‌ಡಿಎಂಐ ಕೇಬಲನ್ನು ಟಿವಿಯಲ್ಲಿ ‘ಎಆರ್‌ಸಿ’ ಎಂದು ಬರೆದಿರುವ ಪೋರ್ಟಿಗೇ ಹಾಕಿ, ಬೇರೆ ಪೋರ್ಟಿಗೆ ಹಾಕಿದರೆ ಟಿವಿಯ ಧ್ವನಿ ಬಾರ್‌ಗೆ ಹೋಗುವುದಿಲ್ಲ. ‘ಕ್ಲಿಯರ್ ವಾಯ್ಸ್’ನಂಥ ಮೋಡ್ ಇದ್ದರೆ ಹಚ್ಚಿ, ಪ್ರೇಕ್ಷಕರ ಗದ್ದಲದ ಮೇಲೆ ಕಾಮೆಂಟರಿ ಕೇಳುತ್ತದೆ. ಸಬ್‌ವೂಫರ್ ಮೂಲೆಯಲ್ಲಿಟ್ಟರೆ ಗುಂಯ್‌ಗುಡುತ್ತದೆ, ಕೆಳಗಿನ ಮನೆಯವರಿಗೂ ಕೇಳುತ್ತದೆ.

ಕೋಣೆ ಬಿಸಿಯೇರುವುದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈ ಸುಮಾರು 100 ವಾಟ್ ಶಾಖ ಬಿಡುತ್ತದೆ. ಹದಿಮೂರು ಜನ ಎಂದರೆ ಹಾಲಿನಲ್ಲಿ ಒಂದು ರೂಮ್ ಹೀಟರ್ ಹಚ್ಚಿಟ್ಟಂತೆ. ಜನ ಬರುವ ಅರ್ಧ ಗಂಟೆ ಮೊದಲೇ ಕೋಣೆಯನ್ನು ತಂಪು ಮಾಡಿ, ತಂಪು ಎನ್ನುವುದಕ್ಕಿಂತ ಒಂದು ಹೆಜ್ಜೆ ಹೆಚ್ಚೇ. ಪಕ್ಕದ ಮನೆ ಕಡೆಯದನ್ನು ಬಿಟ್ಟು ಇನ್ನೊಂದು ಕಿಟಕಿ ಸ್ವಲ್ಪ ತೆರೆದಿರಲಿ.

ಇನ್ನು ಅಡುಗೆಮನೆ. ಟಿ20ಯಲ್ಲಿ ಒಂದು ಇನಿಂಗ್ಸ್ ಹೆಚ್ಚುಕಡಿಮೆ ಒಂದೂವರೆ ಗಂಟೆ, ನಡುವಿನ ವಿರಾಮ ಸಾಮಾನ್ಯವಾಗಿ 20 ನಿಮಿಷ. ಫುಟ್‌ಬಾಲ್ ಆದರೆ 45 ನಿಮಿಷದ ಎರಡು ಭಾಗ, ನಡುವೆ 15 ನಿಮಿಷ. ಕಬಡ್ಡಿಯಲ್ಲಿ 20 ನಿಮಿಷದ ಎರಡು ಭಾಗದ ನಡುವೆ ಸಿಗುವುದು ಐದೇ ನಿಮಿಷ, ಅಲ್ಲಿ ಊಟವನ್ನು ಪಂದ್ಯಕ್ಕೆ ಮೊದಲೇ ಮುಗಿಸುವುದು ವಾಸಿ. ನಿಮ್ಮ ಪಂದ್ಯಕ್ಕೆ ಯೋಜನೆ ಹೀಗಿರಲಿ: ಮೊದಲ ಇನಿಂಗ್ಸಿಗೆ ಕೈಯಲ್ಲೇ ತಿನ್ನುವಂಥದ್ದು, ವಿರಾಮದಲ್ಲಿ ಊಟ, ಎರಡನೇ ಇನಿಂಗ್ಸಿಗೆ ಪಾಪ್‌ಕಾರ್ನ್ ಮತ್ತು ಹಣ್ಣು.

ಒಂದು ಕೈಯಲ್ಲಿ ಹಿಡಿದು, ಪರದೆಯಿಂದ ಕಣ್ಣು ತೆಗೆಯದೆ, ಎರಡು ಬಾಯಿಗೆ ಮುಗಿಯುವುದೇ ಇಂಥ ದಿನದ ತಿಂಡಿ. ಚಮಚ ಬೇಕಾದದ್ದು, ಸೋರುವುದು, ಪುಡಿ ಉದುರುವುದು ಬೇಡ. ವಿರಾಮದಲ್ಲಿ ಊಟ ಇರುವುದರಿಂದ ತಲಾ ಐದಾರು ತುಂಡು ಸಾಕು, ಒಟ್ಟು 70-75. ಊಟವೇ ಇಲ್ಲದೆ ಬರೀ ತಿಂಡಿಯಲ್ಲಿ ಮುಗಿಸುವುದಾದರೆ ತಲಾ 12, ಅಂದರೆ 150ರಷ್ಟು ಬೇಕು. ಮೂರು ಬಗೆ ಮಾಡಿ, ಅದರಲ್ಲಿ ಬಿಸಿಯದು ಒಂದೇ ಇರಲಿ. ಮೂರೂ ಬಿಸಿಯಾಗಿಸಲು ಹೋಗುವುದರಿಂದಲೇ ಆತಿಥೇಯರು ಒಲೆ ಮುಂದೆ ಸಿಕ್ಕಿಬೀಳುವುದು. ಕರಿದದ್ದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಅದರದೇ ಹಬೆ ಒಳಗೆ ನಿಂತು ಮೆತ್ತಗಾಗುತ್ತದೆ. ಜಾಲರಿಯ ಮೇಲೆ ಒಂದೇ ಪದರ ಹರಡಿ ಓವನ್ನಿನಲ್ಲಿ 95-100 ಡಿಗ್ರಿಯಲ್ಲಿಡಿ, ಗರಿಗರಿ ಉಳಿಯುತ್ತದೆ. ಪಾಪ್‌ಕಾರ್ನ್ 100 ಗ್ರಾಂ ಒಣ ಕಾಳಿಗೆ ಸುಮಾರು 15 ಕಪ್ ಬರುತ್ತದೆ, ಹದಿಮೂರು ಜನಕ್ಕೆ 200 ಗ್ರಾಂ ಕಾಳು ಸಾಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನ್, ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಬೀಜಗಳ ಅಲರ್ಜಿ ಯಾರಿಗಾದರೂ ಇದೆಯೇ ಎಂದು ಕರೆಯುವಾಗಲೇ ಕೇಳಿ.

ಒಂದು ದೊಡ್ಡ ಬಟ್ಟಲಿಗಿಂತ ಆರು ಸಣ್ಣ ಬಟ್ಟಲು ಮೇಲು, ಸಾಲಿಗೆ ಎರಡರಂತೆ. ಆಗ ಯಾರೂ ಇನ್ನೊಬ್ಬರ ಮುಖದ ಮುಂದೆ ಕೈ ಚಾಚುವುದಿಲ್ಲ. ಊಟದ ಮೇಜು ಟಿವಿಯ ಪಕ್ಕ ಖಂಡಿತ ಬೇಡ. ಪ್ರತಿ ಸಲ ಯಾರೋ ಎದ್ದು ಹೋಗುವಾಗ ಹನ್ನೆರಡು ಜನ ಕತ್ತು ವಾಲಿಸಬೇಕಾಗುತ್ತದೆ. ಅಡುಗೆಮನೆಯ ಬಾಗಿಲ ಬಳಿ, ಗೋಡೆಯಿಂದ ಬಿಡಿಸಿ ಇಡಿ, ಎರಡೂ ಬದಿಯಿಂದ ಜನ ಬಡಿಸಿಕೊಳ್ಳುವಂತೆ. ಒಬ್ಬರಿಗೆ ಒಂದು ನಿಮಿಷ ಎಂದರೂ ಒಂದೇ ಸಾಲಾದರೆ ಹದಿಮೂರು ನಿಮಿಷ, ವಿರಾಮದ ಮೂರನೇ ಎರಡು ಭಾಗ ಅಲ್ಲೇ ಹೋಯಿತು. ಎರಡು ಸಾಲಾದರೆ ಏಳರಲ್ಲಿ ಮುಗಿಯುತ್ತದೆ. ತಟ್ಟೆ ಮೊದಲ ತುದಿಯಲ್ಲಿ, ಚಮಚ ಮತ್ತು ಟಿಶ್ಯೂ ಕೊನೆಯ ತುದಿಯಲ್ಲಿ ಇರಲಿ, ಚಮಚ ಮೊದಲೇ ಕೈಗೆ ಬಂದರೆ ಬಡಿಸಿಕೊಳ್ಳಲು ಕೈ ಸಾಲದು. ಊಟಕ್ಕೆ ಒಂದೇ ಪಾತ್ರೆಯಲ್ಲಿ ಮುಗಿಯುವ ಅಡುಗೆ ಮಾಡಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಡಿ. 60 ಡಿಗ್ರಿಗಿಂತ ಮೇಲೆ ಅಥವಾ 5 ಡಿಗ್ರಿಗಿಂತ ಕೆಳಗೆ ಇಟ್ಟದ್ದು ಬೇಗ ಕೆಡುವುದಿಲ್ಲ. ನಡುವಿನ ಶಾಖದಲ್ಲಿ ಎರಡು ಗಂಟೆ, ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಮಿತಿ. ಮೊಸರು, ಕ್ರೀಮ್, ಮೊಟ್ಟೆ ಇರುವ ಡಿಪ್‌ಗಳನ್ನು ಪೂರ್ತಿ ಹೊರಗಿಡದೆ, ಅರ್ಧ ಫ್ರಿಜ್‌ನಲ್ಲೇ ಉಳಿಸಿ ಎರಡನೇ ಇನಿಂಗ್ಸಿಗೆ ಹೊಸ ಬಟ್ಟಲು ತನ್ನಿ.

ಕುಡಿಯುವುದಕ್ಕೆ ಮೊದಲ ಗಂಟೆಗೆ ತಲಾ ಎರಡು ಲೋಟ, ಆಮೇಲೆ ಗಂಟೆಗೊಂದು ಎಂದು ಹಿಡಿಯಿರಿ. 250 ಮಿ.ಲೀ ಲೋಟದಲ್ಲಿ ಹದಿಮೂರು ಜನಕ್ಕೆ ಒಟ್ಟು 16-17 ಲೀಟರ್, ಅದರಲ್ಲಿ ಅರ್ಧ ಬರೀ ನೀರು. ಫ್ರಿಜ್‌ನಲ್ಲಿ ಜಾಗವಿಲ್ಲದಿದ್ದರೆ ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಉಪ್ಪು ಹಾಕಿ ಬಾಟಲಿ ಮುಳುಗಿಸಿ. ಬರೀ ಐಸ್ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರು ಸುತ್ತಲೂ ತಾಗುತ್ತದೆ. ಅರ್ಧ ಲೀಟರಿನ ಬಾಟಲಿ ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತದೆ. ಬಕೆಟ್ ಪಕ್ಕದಲ್ಲೇ ಲೋಟ, ಅಂಟಿಸಲು ಕಾಗದದ ಟೇಪು, ಪೆನ್ನು ಇಡಿ. ಹೆಸರು ಬರೆದ ಲೋಟ ಕಳೆಯುವುದಿಲ್ಲ, ನೀವು ಮತ್ತೆ ಮತ್ತೆ ಹೊಸ ಲೋಟ ಹುಡುಕಬೇಕಿಲ್ಲ. ಕಸದ ಚೀಲವನ್ನು ನಾಚಿಕೆಯಿಂದ ಮರೆಮಾಡದೆ ಕಣ್ಣಿಗೆ ಬೀಳುವಲ್ಲೇ ಇಟ್ಟರೆ ಜನ ತಾವೇ ಹಾಕುತ್ತಾರೆ.

ಜನರನ್ನು ಮೊದಲ ಚೆಂಡಿಗೆ 45 ನಿಮಿಷ ಮುಂಚೆ ಕರೆಯಿರಿ. ಪಂದ್ಯದ ಸಮಯಕ್ಕೇ ಕರೆದರೆ ಪವರ್‌ಪ್ಲೇ ಪೂರ್ತಿ ನೀವು ಬಾಗಿಲು ತೆಗೆಯುತ್ತಲೇ ಇರುತ್ತೀರಿ. ‘ಏನು ತರಲಿ’ ಎಂದು ಕೇಳಿದವರಿಗೆ ‘ಏನೂ ಬೇಡ’ ಎನ್ನಬೇಡಿ, ಒಬ್ಬರಿಗೆ ಐಸ್, ಒಬ್ಬರಿಗೆ ಹಣ್ಣು, ಒಬ್ಬರಿಗೆ ಎರಡು ಮಡಚುವ ಸ್ಟೂಲ್ ಎಂದು ಸ್ಪಷ್ಟವಾಗಿ ಹೇಳಿ. ರಿಮೋಟ್ ಒಬ್ಬರ ಕೈಯಲ್ಲೇ ಇರಲಿ, ಅದು ನಿಮ್ಮ ಕೈ ಆಗದಿರಲಿ.

ಕೊನೆಗೆ ಪ್ರೊಜೆಕ್ಟರ್. 100 ಇಂಚಿನ ಚಿತ್ರ ಎಂದರೆ 221 ಸೆಂ.ಮೀ ಅಗಲ. ಸಾಮಾನ್ಯ ಪ್ರೊಜೆಕ್ಟರಿಗೆ ಅಷ್ಟು ಅಗಲ ಬರಬೇಕಾದರೆ ಗೋಡೆಯಿಂದ ಎರಡೂಮುಕ್ಕಾಲರಿಂದ ಮೂರುಕಾಲು ಮೀಟರ್ ದೂರ ಬೇಕು, ಅಂದರೆ ನಿಮ್ಮ ಸೋಫಾದ ಬೆನ್ನಿಗೇ. ಅದನ್ನು ತಲೆಗಳಿಗಿಂತ ಮೇಲೆ ಎತ್ತಿಡಬೇಕು, ಎದ್ದು ಓಡಾಡಿದವರ ನೆರಳು ಪಿಚ್ ಮೇಲೆ ಬೀಳುತ್ತದೆ, ಫ್ಯಾನಿನ ಸದ್ದು ಸೋಫಾದವರ ಕಿವಿಗೇ. 2,000 ಆನ್ಸಿ ಲ್ಯೂಮೆನ್ (ಬೆಳಕಿನ ಅಳತೆ) ಇಲ್ಲದ ಯಂತ್ರದಲ್ಲಿ ಕೋಣೆ ಪೂರ್ತಿ ಕತ್ತಲಾಗದಿದ್ದರೆ ಚಿತ್ರ ಬಿಳಚುತ್ತದೆ, ಆ ಕತ್ತಲಲ್ಲಿ ಊಟ ಬಡಿಸುವುದು ಹೇಗೆ? ಹಳೆಯ ಪ್ರೊಜೆಕ್ಟರುಗಳು ಎಚ್‌ಡಿಸಿಪಿ ಎಂಬ ನಕಲು ತಡೆಯುವ ರಕ್ಷಣೆ ಒಪ್ಪದೆ ಆ್ಯಪ್‌ನ ಚಿತ್ರವನ್ನೇ ತೋರಿಸದಿರುವುದೂ ಉಂಟು. ನಿಮ್ಮ ಹಾಲಿಗೆ ಅದು ಬೇಡ. ಬಾಡಿಗೆಗೆ ತರುವುದಾದರೆ ಐದು ಎತ್ತರದ ಸ್ಟೂಲ್ ತನ್ನಿ, ಲ್ಯಾನ್ ಕೇಬಲನ್ನು ರೌಟರ್‌ನಿಂದ ಟಿವಿವರೆಗೆ ಗೋಡೆಯಂಚಿನಲ್ಲೇ ಅಳೆದು, ಎರಡು ಮೀಟರ್ ಹೆಚ್ಚಿಗೆ ಸೇರಿಸಿ ಕೊಂಡುಕೊಳ್ಳಿ.